ಖಳನ ಪಕ್ಷದಿಂದ ಪುರಾಣ

ಪುರಾಣದ ಕಥೆಯನ್ನು ಖಳನಾಯಕನ ಕಡೆಯಿಂದ ಹೇಳುವುದು ಇತ್ತೀಚಿನ ಕಾದಂಬರಿಕಾರರ ಹೊಸ ಪ್ರಯೋಗವೆಂದು ಅನೇಕರು ಭಾವಿಸಿದ್ದಾರೆ. ಕನ್ನಡದ ಮಟ್ಟಿಗೆ ಈ ಮಾತು ಸರಿಯಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆಯೇ ನಮ್ಮ ಕವಿಗಳು ದುರ್ಯೋಧನ, ರಾವಣರ ಅಂತರಂಗವನ್ನು ಹೊಕ್ಕು ನೋಡಿದ್ದರು. ಇದರ ಹಿನ್ನೆಲೆಯನ್ನು ತಿಳಿಯಲು ಬೆಳಗಾವಿಯ ಪರಿಸರಕ್ಕೇ ಹೋಗಬಹುದು.

ಖಾನಾಪುರ ತಾಲೂಕಿನ ಹಲಸಿ ಹಿಂದೆ ಪಲಾಶಿಕಾ ಎಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಅಲ್ಲಿನ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ವರಾಹನು ಹಿರಣ್ಯಾಕ್ಷನನ್ನು ಕೊಂದವನು. ನರಸಿಂಹನು ಹಿರಣ್ಯಾಕ್ಷನ ಸೋದರನಾದ ಹಿರಣ್ಯಕಶಿಪುವನ್ನು ಕೊಂದವನು. ಭಾಗವತದ ಪ್ರಕಾರ ಹಿರಣ್ಯಕಶಿಪುವಿನ ಹರಿದ್ವೇಷಕ್ಕೆ ಸೋದರನ ಸಾವೇ ಕಾರಣ. ಈ ಸೋದರರು ಶಾಪಗ್ರಸ್ತರಾದ ವೈಕುಂಠದ ದ್ವಾರಪಾಲಕರಾದ ಜಯ ವಿಜಯರೆಂದೂ ಅದೇ ಪುರಾಣ ಹೇಳುತ್ತದೆ. ಅಂದರೆ ಖಳನಿಗೂ ಒಂದು ಹಿಂದಿನ ಕಥೆ ಉಂಟೆಂದು ಪುರಾಣವೇ ಒಪ್ಪಿಕೊಂಡಿದೆ.

ಹಲಸಿಗೆ ಇನ್ನೊಂದು ಪರಂಪರೆಯೂ ಇದೆ. 5ನೆಯ ಶತಮಾನದಲ್ಲಿ ಕದಂಬ ಮೃಗೇಶವರ್ಮನು ತಂದೆಯ ನೆನಪಿಗಾಗಿ ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದುದನ್ನು ತಾಮ್ರಪಟ ತಿಳಿಸುತ್ತದೆ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನ ಕಾಲದ್ದು, ಸುಮಾರು 1204ರದು. ಇಂಥ ಬಸದಿಗಳನ್ನು ಪೋಷಿಸಿದ ಜೈನ ಸಮಾಜಕ್ಕೆ ರಾಮಾಯಣದ ಬೇರೊಂದು ರೂಪ ಪರಿಚಿತವಾಗಿತ್ತು. ವಿಮಲಸೂರಿಯ ಪ್ರಾಕೃತ 'ಪಉಮಚರಿಯ'ದಲ್ಲಿ ರಾವಣನು ನರಭಕ್ಷಕನಲ್ಲ, ವಿದ್ಯಾಧರ ಕುಲದ ರಾಜ. ಅವನಿಗೆ ಹತ್ತು ತಲೆಗಳಿಲ್ಲ. ಕೊರಳಹಾರದ ರತ್ನಗಳಲ್ಲಿ ಮುಖ ಪ್ರತಿಬಿಂಬಿಸಿದ್ದರಿಂದ ದಶಮುಖನೆಂಬ ಹೆಸರು ಬಂತು.

ಈ ಪರಂಪರೆಯನ್ನು ಕನ್ನಡದಲ್ಲಿ ಎತ್ತರಕ್ಕೊಯ್ದವನು ಸುಮಾರು 1100ರಲ್ಲಿದ್ದ ನಾಗಚಂದ್ರ. ಅವನ 'ರಾಮಚಂದ್ರಚರಿತ ಪುರಾಣ'ದ ರಾವಣ, ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವುಳ್ಳವನು. ಸೀತೆಯನ್ನು ಕಂಡು ಮನಸ್ಸು ಸೋತು ಅಪಹರಿಸುತ್ತಾನೆ. ಅವಳ ದೃಢತೆಯನ್ನು ಕಂಡು ಪಶ್ಚಾತ್ತಾಪ ಪಡುತ್ತಾನೆ, ಹಿಂದಿರುಗಿಸಲು ನಿರ್ಧರಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂದು ಲೋಕ ನಗುವುದಲ್ಲವೆ? ಆದ್ದರಿಂದ ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುವೆನೆಂದು ಹೊರಡುತ್ತಾನೆ, ಲಕ್ಷ್ಮಣನಿಂದ ಹತನಾಗುತ್ತಾನೆ. ಇಲ್ಲಿ ಅವನನ್ನು ಕೊಂದುದು ಕಾಮಕ್ಕಿಂತ ಹೆಚ್ಚಾಗಿ ಅಭಿಮಾನ.

ಇದಕ್ಕೂ ಮೊದಲೇ, ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಹುಟ್ಟಿದ ರನ್ನನು 'ಗದಾಯುದ್ಧ'ವನ್ನು ಬರೆದಿದ್ದನು. ಚಾಳುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳುವುದು ಕವಿಯ ಉದ್ದೇಶವಾಗಿತ್ತು. ಆದರೆ ಓದುಗರ ಮನಸ್ಸಿನಲ್ಲಿ ಉಳಿಯುವವನು ಸೋತ ದುರ್ಯೋಧನ. ರಣರಂಗದ ಹೆಣಗಳ ನಡುವೆ ನಡೆಯುತ್ತ ಅವನು ದ್ರೋಣನಿಗಾಗಿ, ತಮ್ಮ ದುಶ್ಶಾಸನನಿಗಾಗಿ, ಗೆಳೆಯ ಕರ್ಣನಿಗಾಗಿ ಮರುಗುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶೌರ್ಯವನ್ನೂ ಮನಸಾರೆ ಮೆಚ್ಚುತ್ತಾನೆ. ಆಸ್ಥಾನಕವಿಯೊಬ್ಬ ತನ್ನ ಒಡೆಯನ ಎದುರಾಳಿಯ ಸ್ಥಾನದಲ್ಲಿರುವವನಿಗೆ ಇಷ್ಟು ಔದಾರ್ಯ ತೋರಿದುದು ಸಾಮಾನ್ಯ ಸಂಗತಿಯಲ್ಲ. 20ನೆಯ ಶತಮಾನದಲ್ಲಿ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' (1949) ರಾವಣನಿಗೂ ಉದ್ಧಾರದ ದಾರಿಯನ್ನು ತೆರೆಯಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಕವಿಗಳು ಖಳನನ್ನು ನಿರಪರಾಧಿಯೆಂದು ಸಾರಲಿಲ್ಲ. ಸೀತೆಯ ಅಪಹರಣ ನಾಗಚಂದ್ರನಲ್ಲಿಯೂ ತಪ್ಪೇ. ರನ್ನನ ದುರ್ಯೋಧನನೂ ಸಂಧಿಯನ್ನು ಒಲ್ಲದೆ ಅಳಿದವನೇ. ಖಳನನ್ನು ಅರ್ಥಮಾಡಿಕೊಳ್ಳುವುದು ಬೇರೆ, ಸಮರ್ಥಿಸುವುದು ಬೇರೆ. ಎದುರಾಳಿಯನ್ನು ರಾಕ್ಷಸನೆಂದು ಕರೆದುಬಿಟ್ಟರೆ ಅವನಿಂದ ನಾವು ಕಲಿಯುವುದೇನೂ ಉಳಿಯುವುದಿಲ್ಲ. ಅವನೂ ನಮ್ಮಂಥ ಮನುಷ್ಯನೆಂದು ತಿಳಿದಾಗ, ಅವನು ಎಡವಿದ ಕಲ್ಲು ನಮ್ಮ ದಾರಿಯಲ್ಲಿಯೂ ಇದೆಯೆಂಬ ಎಚ್ಚರ ಮೂಡುತ್ತದೆ. ಗೆದ್ದವರ ಶಾಸನಗಳನ್ನೇ ಹೆಚ್ಚಾಗಿ ಓದಬೇಕಾದ ಇತಿಹಾಸದ ವಿದ್ಯಾರ್ಥಿಗೆ ಈ ಎಚ್ಚರ ಬಹು ಅಗತ್ಯ.