ಕುಡಿಯಲು ಕಲಿಸಿದವರು: ಮಂಜರಾಬಾದಿನ ಕಾಫಿ ಮತ್ತು ಅದರ ಗಿರಾಕಿ



ಹಾಸನದಿಂದ ಮಂಗಳೂರಿನ ರೈಲು ಹತ್ತಿದರೆ ಆಲೂರು ದಾಟುವಷ್ಟರಲ್ಲಿ ಬಯಲು ಮುಗಿದು ಗುಡ್ಡಗಳ ಸಾಲು ಆರಂಭವಾಗುತ್ತದೆ. ಹೇಮಾವತಿಯ ದಡದ ಸಕಲೇಶಪುರ ತಲುಪುವ ಹೊತ್ತಿಗೆ ಎರಡೂ ಬದಿಯಲ್ಲಿ ಕಾಫಿ ತೋಟಗಳು, ನೆರಳಿಗೆ ನಿಂತ ದೊಡ್ಡ ಮರಗಳು, ಆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು ಕಾಣುತ್ತವೆ. ಹಿಂದೆ ಮಂಜರಾಬಾದ್ ಎಂದು ಕರೆಯುತ್ತಿದ್ದ ಸೀಮೆ ಇದು. ಈ ತೋಟಗಳನ್ನು ಯಾರು ಮಾಡಿದರು ಎಂಬುದನ್ನು ನಮ್ಮ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಆದರೆ ಇಲ್ಲಿ ಬೆಳೆದ ಬೀಜವನ್ನು ಕೊಳ್ಳುವ ಗಿರಾಕಿ ಎಲ್ಲಿಂದ ಬಂದ? ಈ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಇಂದು ಆ ಕಥೆಯನ್ನು ನೋಡೋಣ.

ಮೊದಲಿಗೆ ಈ ಗಿರಾಕಿ ಸಮುದ್ರದ ಆಚೆಗಿದ್ದ. 19ನೆಯ ಶತಮಾನದ ನಡುವಿನಲ್ಲಿ ಐರೋಪ್ಯ ತೋಟಗಾರರು ಮಂಜರಾಬಾದಿಗೆ ಬಂದರು. ಅವರಲ್ಲಿ ಒಬ್ಬರಾದ ರಾಬರ್ಟ್ ಎಲಿಯಟ್ ತಮ್ಮ ಅನುಭವವನ್ನು 1894ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನೆರಳು ಹೇಗಿರಬೇಕು, ಗೊಬ್ಬರ ಯಾವಾಗ ಹಾಕಬೇಕು ಎಂಬ ಮಾತುಗಳೆಲ್ಲ ಅದರಲ್ಲಿ ಇವೆ. ಆದರೆ ಆ ಕಾಲದ ಕಾಫಿಯ ದೊಡ್ಡ ಪಾಲು ಹಡಗು ಹತ್ತಿ ಯೂರೋಪಿಗೆ ಹೋಗುತ್ತಿತ್ತು. ಬೆಳೆದ ಊರಿನವರಿಗೂ ಕುಡಿಯುವವರಿಗೂ ಪರಿಚಯವೇ ಇರಲಿಲ್ಲ.

ಕಲಿಸುವ ಕೆಲಸ ಮೊದಲು ಆರಂಭವಾದದ್ದು ಬೆಳೆಗಾರರ ನಡುವೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗವನ್ನು ಅಭ್ಯಾಸ ಮಾಡಿದರು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರಲು ಕಾರಣ ಶಾಪವೂ ಅಲ್ಲ, ದೃಷ್ಟಿಯೂ ಅಲ್ಲ, ಒಂದು ಶಿಲೀಂಧ್ರ ಎಂದು ತೋರಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಗೊನೆಗಳಿಗೆ ಸಿಂಪಡಿಸುವ ಕ್ರಮ ಬಳಕೆಗೆ ಬಂತು. ಔಷಧಿ ಹೊಡೆದ ತೋಟದಲ್ಲಿ ಕಾಯಿ ನಿಂತು, ಹೊಡೆಯದ ತೋಟದಲ್ಲಿ ಉದುರಿದರೆ ರೈತನಿಗೆ ಬೇರೆ ಉಪದೇಶ ಬೇಕಿಲ್ಲ. ಇಂದಿಗೂ ಮಳೆಗಾಲ ಹತ್ತಿರ ಬಂದಾಗ ಮಲೆನಾಡಿನ ಅಂಗಡಿಗಳಲ್ಲಿ ಮೈಲುತುತ್ತಕ್ಕೆ ಗಿರಾಕಿ ಇದೆ. ಆ ಗಿರಾಕಿಯನ್ನು ಮೊದಲು ಹುಟ್ಟಿಸಿದ್ದು ಮಾರಾಟಗಾರನ ಮಾತಿನ ಚಮತ್ಕಾರವಲ್ಲ, ಕಲಿತ ಒಂದು ವಿದ್ಯೆ.

ಇದೇ ದಾರಿಯಲ್ಲಿ 1925ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಎಲೆ ತುಕ್ಕು ರೋಗ, ಕಾಂಡಕೊರಕ ಹುಳುಗಳ ಬಗ್ಗೆ ಅಲ್ಲಿ ನಡೆದ ಸಂಶೋಧನೆಯ ಫಲ ಸಕಲೇಶಪುರ, ಆಲೂರಿನ ತೋಟಗಳಿಗೂ ತಲುಪಿತು. 1940ರ ದಶಕದ ಮಧ್ಯಭಾಗದಲ್ಲಿ ಅಲ್ಲಿಂದ ಹೊರಬಂದ ಎಸ್. 795 ಎಂಬ ಅರೇಬಿಕಾ ತಳಿ ಈ ಭಾಗದಲ್ಲಿ ಮನೆಮಾತಾಯಿತು.

ಆದರೆ ಬೆಳೆಯಲು ಕಲಿತರೆ ಸಾಕೇ? 1929ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ನೆಲಕಚ್ಚಿತು. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್ ಏನು ಮಾಡಿತು ಗೊತ್ತೇ? ಬೆಲೆ ಏರಿಸಲೆಂದು 1931ರಿಂದ 1944ರವರೆಗೆ ಸುಮಾರು 7 ಕೋಟಿ 80 ಲಕ್ಷ ಚೀಲ ಕಾಫಿಯನ್ನು ಸುಟ್ಟು ನಾಶಮಾಡಿತು. ಒಂದು ಚೀಲವೆಂದರೆ 60 ಕಿಲೋಗ್ರಾಂ. ಗಿರಾಕಿ ಇಲ್ಲದ ಬೆಳೆಯ ಗತಿ ಇದು.

ಭಾರತದಲ್ಲಿ ಹಿಡಿದ ದಾರಿ ಬೇರೆ. 1935ರಲ್ಲಿ ಕಾಫಿ ಸೆಸ್ ಕಾಯಿದೆ ಬಂದು, ರಫ್ತಾಗುವ ಕಾಫಿಯ ಮೇಲೆ ಒಂದು ಸಣ್ಣ ತೆರಿಗೆ ವಿಧಿಸಲಾಯಿತು. ಆ ಹಣದಿಂದ ಕಾಫಿಯ ಪ್ರಚಾರ ಮಾಡಲು ಸಮಿತಿಯೊಂದು ರಚನೆಯಾಯಿತು. ಅದರ ಮುಂದೆ ಒಂದು ಕಷ್ಟವಿತ್ತು. ದಕ್ಷಿಣದ ಪಟ್ಟಣಗಳನ್ನು ಬಿಟ್ಟರೆ ದೇಶದ ಬಹುಪಾಲು ಜನರಿಗೆ ಕಾಫಿಯ ರುಚಿಯೇ ಗೊತ್ತಿರಲಿಲ್ಲ. ಚಹಾದವರು 1903ರಿಂದಲೇ ಇಂತಹ ಸೆಸ್ ಹಣದಲ್ಲಿ ಪ್ರಚಾರ ನಡೆಸಿ, ರೈಲ್ವೆ ನಿಲ್ದಾಣಗಳಲ್ಲಿ ಚಹಾ ಮಾಡುವ ವಿಧಾನದ ಫಲಕಗಳನ್ನೇ ತೂಗುಹಾಕಿ ಬಹಳ ಮುಂದೆ ಹೋಗಿದ್ದರು. ಮೇಲಾಗಿ ಕಾಫಿ ಮಾಡುವುದು ಚಹಾದಷ್ಟು ಸುಲಭವಲ್ಲ. ಬೀಜ ಹುರಿಯಬೇಕು. ಹದ ತಪ್ಪಿದರೆ ಕಹಿ. ಪುಡಿ ಹಳೆಯದಾದರೆ ಘಮ ಹೋಗುತ್ತದೆ. ಡಿಕಾಕ್ಷನ್ ಇಳಿಯಲು ತಾಳ್ಮೆ ಬೇಕು. ಗೊತ್ತಿಲ್ಲದವನಿಗೆ ಒಂದು ಪೊಟ್ಟಣ ಪುಡಿ ದಾಟಿಸಿಬಿಡಬಹುದು. ಆದರೆ ಮನೆಗೆ ಹೋಗಿ ಕೆಟ್ಟ ಕಾಫಿ ಮಾಡಿ ಕುಡಿದವನು ಎರಡನೆಯ ಸಲ ಅಂಗಡಿಗೆ ಬರುವುದಿಲ್ಲ.

ಆದ್ದರಿಂದ ಸಮಿತಿಯವರು ಮೊದಲು ಒಳ್ಳೆಯ ಕಾಫಿ ಎಂದರೇನು ಎಂದು ತೋರಿಸಲು ಹೊರಟರು. 1936ರಲ್ಲಿ ಮುಂಬಯಿಯ ಚರ್ಚ್‌ಗೇಟ್ ಬಳಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಸರಿಯಾಗಿ ತಯಾರಿಸಿದ ಒಂದು ಲೋಟ ಕಾಫಿ ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಒಬ್ಬರು ಒಂದು ಕಾಫಿ ತೆಗೆದುಕೊಂಡು ಗಂಟೆಗಟ್ಟಲೆ ಕುಳಿತು ಮಾತಾಡಬಹುದಾಗಿತ್ತು. 1940ರ ದಶಕದಲ್ಲಿ ಇಂತಹ ಕಾಫಿ ಹೌಸ್‌ಗಳ ಸಂಖ್ಯೆ ಸುಮಾರು 50ಕ್ಕೆ ಏರಿತು. ಅವು ಒಂದು ರೀತಿಯಲ್ಲಿ ರುಚಿಯ ಪಾಠಶಾಲೆಗಳು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಯೂರೋಪಿನ ಮಾರುಕಟ್ಟೆ ಮುಚ್ಚಿತು, ಹಡಗುಗಳು ಸಿಗದಾದವು. ಮಲೆನಾಡಿನ ಕಾಫಿ ಕಣದಿಂದ ಎಲ್ಲಿಗೆ ಹೋಗಬೇಕು? ಸರ್ಕಾರ 1940ರಲ್ಲಿ ಮಾರುಕಟ್ಟೆ ವಿಸ್ತರಣಾ ಮಂಡಳಿಯನ್ನು ರಚಿಸಿತು. 1942ರ ಕಾಯಿದೆಯಿಂದ ಕಾಫಿ ಮಂಡಳಿ ನೆಲೆಗೊಂಡಿತು. ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕೆಂಬ ವ್ಯವಸ್ಥೆ ಜಾರಿಗೆ ಬಂತು. ಬೆಳೆಗಾರರನ್ನು ಕಾಫಿ ಹೌಸ್‌ಗಳೇ ಉಳಿಸಿದವು ಎಂದರೆ ಅದು ಉತ್ಪ್ರೇಕ್ಷೆಯಾದೀತು. ಕಾನೂನಿನ ಬಲ, ಪೂಲಿನ ಆಸರೆ ಅದಕ್ಕೆ ಬೇಕಾಯಿತು. ಆದರೆ ಪೂಲಿಗೆ ಬಂದ ಕಾಫಿಯನ್ನು ಕುಡಿಯುವವರು ದೇಶದೊಳಗೇ ಇರಬೇಕಿತ್ತಲ್ಲವೇ? ಅವರನ್ನು ಸಿದ್ಧಗೊಳಿಸಿದ್ದು ಕಲಿಸುವ ಕೆಲಸ.

ಆ ಕಲಿಕೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಒಂದು ಪರೀಕ್ಷೆಯೂ ನಡೆಯಿತು. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ನಿರ್ಧರಿಸಿತು. ಕೆಲಸ ಕಳೆದುಕೊಂಡ ನೌಕರರು, ಕಾರ್ಮಿಕ ನಾಯಕ ಎ. ಕೆ. ಗೋಪಾಲನ್ ಅವರ ಬೆಂಬಲದಿಂದ, ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅಂತಹ ಮೊದಲ ಸಂಘ ಸ್ಥಾಪನೆಯಾದದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಮಾಲೀಕರು ಬದಲಾದರೂ ಗಿರಾಕಿಗಳು ಬಿಟ್ಟುಹೋಗಲಿಲ್ಲ. ಪ್ರಚಾರದ ಹಣ ನಿಂತ ಮೇಲೂ ಕಲಿತ ರುಚಿ ನಿಂತಿತು.

ಹಾಗೆಂದು ಪಾಠ ಮುಗಿಯಿತೆಂದು ತಿಳಿಯಬೇಡಿ. 1990ರ ದಶಕದಲ್ಲಿ ಪೂಲ್ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಬೆಳೆಗಾರ ಈಗ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರಬಹುದು. ಆದರೆ ದೇಶದ ಕಾಫಿಯ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಇಂದಿಗೂ ರಫ್ತಾಗುತ್ತದೆ. ಆದ್ದರಿಂದ ಆಲೂರಿನ ಸಣ್ಣ ಬೆಳೆಗಾರನೂ ರೋಬಸ್ಟಾಕ್ಕೆ ಲಂಡನ್ ಪೇಟೆಯ, ಅರೇಬಿಕಾಕ್ಕೆ ನ್ಯೂಯಾರ್ಕ್ ಪೇಟೆಯ ದರದ ಕಡೆ ನೋಡುತ್ತಾನೆ. ಅಲ್ಲಿ ದರ ಕುಸಿದಾಗ ಅವನ ಕೈ ಹಿಡಿಯುವವನು ಊರಿನ, ನಾಡಿನ ಗಿರಾಕಿ. ಅಂತಹ ಗಿರಾಕಿ ಹೆಚ್ಚಬೇಕಾದರೆ ಅವನಿಗೆ ತಾನು ಕುಡಿಯುವುದೇನು ಎಂದು ತಿಳಿದಿರಬೇಕು.

ನೀವೇ ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಗಾಜಿನ ಲೋಟದ ತುಂಬ ತಣ್ಣೀರು ತೆಗೆದುಕೊಂಡು ಅದರ ಮೇಲೆ ಒಂದು ಚಮಚೆ ಕಾಫಿ ಪುಡಿ ಉದುರಿಸಿ. ಕಾಫಿ ಸ್ವಲ್ಪ ಹೊತ್ತು ಮೇಲೆ ತೇಲುತ್ತದೆ. ಚಿಕೋರಿ ಬೆರೆತಿದ್ದರೆ ಅದು ಬೇಗನೆ ಮುಳುಗುತ್ತಾ ಹಿಂದೆ ಕಂದು ಬಣ್ಣದ ಎಳೆಗಳನ್ನು ಬಿಡುತ್ತದೆ. ಚಿಕೋರಿ ವಿಷವೇನಲ್ಲ, ಅದು ಒಂದು ಬೇರಿನ ಪುಡಿ, ಹಲವರಿಗೆ ಆ ರುಚಿಯೇ ಇಷ್ಟ. ಆದರೆ ಎಷ್ಟು ಬೆರೆತಿದೆ ಎಂಬುದನ್ನು ಪೊಟ್ಟಣದ ಮೇಲೆ ಓದಿ ಕೊಳ್ಳುವವನೂ, ಓದದೆ ಕೊಳ್ಳುವವನೂ ಒಂದೇ ಅಲ್ಲ.

ಇದೇ ಈ ಇತಿಹಾಸದ ಸಾರ. ಕೊಳ್ಳದೆ ಹೋದವನಿಗೂ ಉಪಯೋಗಕ್ಕೆ ಬರುವಂಥ ಮಾತು ಹೇಳಿದರೆ ಅದು ಕಲಿಸುವಿಕೆ. ಕೊಂಡರೆ ಮಾತ್ರ ಉಪಯೋಗ ಎಂದರೆ ಅದು ಬರಿಯ ಜಾಹೀರಾತು. ನಾಳೆ ನೀವು ಅಂಗಡಿ ಇಟ್ಟರೂ, ತೋಟ ಮಾಡಿದರೂ, ಬೇರೆ ಯಾವ ಉದ್ಯೋಗ ಹಿಡಿದರೂ ಈ ವ್ಯತ್ಯಾಸವನ್ನು ನೆನಪಿಡಿ. ಮುಂದಿನ ಸಲ ಸಕಲೇಶಪುರದ ಕಡೆ ಹೋದಾಗ ಅಲ್ಲಿನ ಯಾವುದಾದರೂ ತೋಟದ ಹಿರಿಯರನ್ನು ಮಾತಾಡಿಸಿ. ಒಳ್ಳೆಯ ಕಾಫಿ ಯಾವುದು ಎಂದು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.