ನಿಸಿದಿಗೆಗಳಲ್ಲಿ ಕಾಣುವ ಹೆಸರುಗಳು ಮತ್ತು ಶ್ರಾವಕ ಮನೆತನಗಳ ವಂಶಾನುಕ್ರಮ

ಸಲ್ಲೇಖನ ವಿಧಿಯಿಂದ ದೇಹತ್ಯಾಗ ಮಾಡಿದ ಯತಿಗಳ, ಆರ್ಯಿಕೆಯರ ಹಾಗೂ ಶ್ರಾವಕ ಶ್ರಾವಿಕೆಯರ ಸ್ಮರಣಾರ್ಥವಾಗಿ ನಿಲ್ಲಿಸಿದ ಕಲ್ಲುಗಳಿಗೆ ಶಾಸನಗಳಲ್ಲಿ ನಿಷಿದ್ಧಿ, ನಿಷಿಧಿ, ನಿಸಿದಿ, ನಿಸಿದಿಗೆ ಎಂಬ ನಾನಾ ರೂಪಗಳಲ್ಲಿ ಹೆಸರು ಬಂದಿದೆ. ಧಾರ್ಮಿಕ ದೃಷ್ಟಿಯಿಂದ ಇವುಗಳ ಮೇಲೆ ಸಾಕಷ್ಟು ವಿವೇಚನೆ ನಡೆದಿದೆ. ಎಸ್. ಶೆಟ್ಟರ್ ಅವರು ಚಂದ್ರಗಿರಿಯ ನಿಸಿದಿಗೆಗಳನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು 1986ರಲ್ಲಿಯೂ 1990ರಲ್ಲಿಯೂ ಎರಡು ಗ್ರಂಥಗಳನ್ನು ಹೊರತಂದು, ಮರಣವಿಧಿಯ ಇತಿಹಾಸವನ್ನು ವಿಸ್ತಾರವಾಗಿ ನಿರೂಪಿಸಿದರು. ಆದರೆ ಈ ಕಲ್ಲುಗಳ ಇನ್ನೊಂದು ಉಪಯೋಗದ ಕಡೆಗೆ ವಿದ್ವಾಂಸರ ಗಮನ ಅಷ್ಟಾಗಿ ಹರಿದಿಲ್ಲ. ಅರಸರ ವಂಶಾವಳಿಗೆ ತಾಮ್ರಪಟಗಳಿವೆ. ಆಚಾರ್ಯರ ಪರಂಪರೆಗೆ ಪಟ್ಟಾವಳಿಗಳಿವೆ. ದಂಡನಾಯಕ, ಸೆಟ್ಟಿ, ಗೌಡ ಮೊದಲಾದ ಗೃಹಸ್ಥರ ಮನೆತನಗಳಿಗೆ, ಅದರಲ್ಲಿಯೂ ಆ ಮನೆಗಳ ಹೆಣ್ಣುಮಕ್ಕಳಿಗೆ, ನಿಸಿದಿಗೆಯನ್ನು ಬಿಟ್ಟರೆ ಬೇರೆ ದಾಖಲೆ ದೊರೆಯುವುದು ವಿರಳ.

ಶ್ರವಣಬೆಳಗೊಳದ ಶಾಸನಸಂಗ್ರಹದ ಬೆಳವಣಿಗೆಯನ್ನು ನೋಡಿದರೆ ಈ ಸಾಮಗ್ರಿ ಹೇಗೆ ಹಂತಹಂತವಾಗಿ ಬೆಳಕಿಗೆ ಬಂದಿತೆಂಬುದು ತಿಳಿಯುತ್ತದೆ. 1889ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573 ಆಯಿತು. ಹೀಗೆ ಹೆಚ್ಚಿದ ಶಾಸನಗಳಲ್ಲಿ ಎರಡು ಮೂರು ಪಂಕ್ತಿಗಳ ಕಿರುಬರಹಗಳು ಅನೇಕ. ರಾಜಕೀಯ ಇತಿಹಾಸಕಾರನಿಗೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೆಸರುಗಳನ್ನು ಅರಸುವವನಿಗೆ ಅವೇ ನಿಧಿ.

ಚಂದ್ರಗಿರಿಯ, ಎಂದರೆ ಪ್ರಾಚೀನ ಕಟವಪ್ರ ಅಥವಾ ಕಳ್ಬಪ್ಪುವಿನ, ಬಂಡೆಗಳ ಮೇಲಿರುವ ಏಳನೆಯ ಎಂಟನೆಯ ಶತಮಾನಗಳ ಲೇಖಗಳು ಅತಿ ಸಂಕ್ಷಿಪ್ತವಾದುವು. ನಾಗಮತಿ ಗಂತಿಯರು, ಶಶಿಮತಿ ಗಂತಿಯರು, ನಂದಿಸೇನ ಮುನಿಗಳು ಮುಂತಾದವರ ಹೆಸರುಗಳು ದೊರೆಯುವುದು ಈ ಬಂಡೆಗಳಲ್ಲಿಯೇ. ಇಂತಹ ಲೇಖದಲ್ಲಿ ಸಾಮಾನ್ಯವಾಗಿ ಮೃತರ ಹೆಸರು, ಗುರುವಿನ ಹೆಸರು, ಸಂಘದ ಅಥವಾ ಊರಿನ ಹೆಸರು, ನೋಂತು ಮುಡಿಪಿದ ಸಂಗತಿ ಇಷ್ಟು ಮಾತ್ರ ಇರುತ್ತದೆ. ತಂದೆತಾಯಿಗಳ ಹೆಸರನ್ನು ಹೇಳುವ ಪದ್ಧತಿಯಿಲ್ಲ. ದೀಕ್ಷೆಯೊಡನೆ ಪೂರ್ವಾಶ್ರಮದ ಸಂಬಂಧವು ಕಳಚಿಹೋಯಿತೆಂಬ ಭಾವವೇ ಇದಕ್ಕೆ ಕಾರಣವಾಗಿರಬೇಕು. ಆದ್ದರಿಂದ ಇಲ್ಲಿ ಕುಲವೆಂದರೆ ಗುರುಕುಲವೇ. ಕಿತ್ತೂರು, ನವಿಲೂರು, ಕೊಳತ್ತೂರು ಮುಂತಾದ ಸಂಘಗಳ ವಿಸ್ತಾರವನ್ನು ಇಂತಹ ಹೆಸರುಗಳ ಆಧಾರದಿಂದಲೇ ಊಹಿಸಬೇಕಾಗಿದೆ.

ಯತಿಗಳ ಸ್ಮಾರಕದಲ್ಲಿ ಒಂದೇ ಒಂದು ಹೆಸರು ದೊರೆತರೂ ಅದು ಗ್ರಂಥಸಂಪಾದನೆಗೆ ನೆರವಾಗುವುದುಂಟು. ವರಾಂಗಚರಿತದ ಹಸ್ತಪ್ರತಿಗಳಲ್ಲಿ ಕರ್ತೃವಿನ ಹೆಸರು ದೊರೆಯದೆ ಇದ್ದುದರಿಂದ, ಆ. ನೇ. ಉಪಾಧ್ಯೆಯವರು ಉತ್ತರಕಾಲೀನ ಗ್ರಂಥಕಾರರ ಉಲ್ಲೇಖಗಳನ್ನು ಕಲೆಹಾಕಿ ಅದು ಜಟಾಸಿಂಹನಂದಿಯ ಕೃತಿಯೆಂದು ನಿರ್ಣಯಿಸಿ 1938ರಲ್ಲಿ ಪ್ರಕಟಿಸಿದರು. ಕೊಪ್ಪಳದ ಪಲ್ಲಕ್ಕಿಗುಂಡಿನ ಮೇಲೆ ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬ ಕಿರುಲೇಖವಿದೆ. ಆಚಾರ್ಯರಿಗೂ ಕೊಪಣಕ್ಕೂ ಇದ್ದ ಸಂಬಂಧಕ್ಕೆ ಅದೇ ಸಾಕ್ಷಿ. ಈ ಚಾವಯ್ಯನು ಯಾರ ಮಗ, ಯಾವ ಊರಿನವನು ಎಂಬುದನ್ನು ಲೇಖ ಹೇಳುವುದಿಲ್ಲ.

ಹೊಯ್ಸಳರ ಕಾಲಕ್ಕೆ ಬಂದರೆ ಪರಿಸ್ಥಿತಿ ಸಂಪೂರ್ಣವಾಗಿ ಬದಲಾಗುತ್ತದೆ. ನಿಸಿದಿಗೆಯು ಈಗ ನಾಲ್ಕು ಮುಖಗಳ ಕಂಬವಾಗಿ ವೃತ್ತ ಕಂದಗಳಿಂದ ತುಂಬಿದ ಕಾವ್ಯವಾಗುತ್ತದೆ. ಮೃತರ ಮನೆತನವನ್ನು ಎರಡು ಮೂರು ತಲೆಗಳವರೆಗೆ ವರ್ಣಿಸುತ್ತದೆ. ವಿಷ್ಣುವರ್ಧನನ ಮಹಾಪ್ರಧಾನ ದಂಡನಾಯಕ ಗಂಗರಾಜನ ಮನೆತನವು ಇದಕ್ಕೆ ಅತ್ಯುತ್ತಮ ನಿದರ್ಶನ. ಗಂಗರಾಜನ ತಾಯಿ ಪೋಚಿಕಬ್ಬೆಯ ನಿಸಿದಿಗೆಯನ್ನು ಮಗನೇ ನಿಲ್ಲಿಸಿದನು. ಕೌಂಡಿನ್ಯಗೋತ್ರದ ಮಾರ ಮತ್ತು ಮಾಕಣಬ್ಬೆ, ಅವರ ಮಗ ಏಚ, ಏಚನ ಹೆಂಡತಿ ಪೋಚಿಕಬ್ಬೆ, ಅವರ ಮಗ ಗಂಗರಾಜ ಎಂಬ ಅನುಕ್ರಮ ಈ ಮನೆತನದ ಶಾಸನಗಳಿಂದ ಸಿದ್ಧವಾಗುತ್ತದೆ. ಗಂಗರಾಜನ ಹೆಂಡತಿ ಲಕ್ಷ್ಮೀಮತಿಗೆ, ಎಂದರೆ ಲಕ್ಕಲೆಗೆ, ಬೇರೊಂದು ನಿಸಿದಿಗೆಯಿದೆ. ಲಕ್ಕಲೆಯ ಸಹೋದರ ಬೂಚಣನಿಗೆ ಇನ್ನೊಂದು. ಸಹೋದರಿ ದೇಮತಿಗೆ ಮತ್ತೊಂದು. ಇವರೆಲ್ಲರ ತಾಯಿ ನಾಗಲೆ. ಇವರೆಲ್ಲರ ಗುರು ಮೂಲಸಂಘ ದೇಸಿಗಗಣ ಪುಸ್ತಕಗಚ್ಛದ ಶುಭಚಂದ್ರ ಸಿದ್ಧಾಂತದೇವರು. ಆ ಗುರುಗಳು ಕ್ರಿ.ಶ. 1123ರಲ್ಲಿ ಸಮಾಧಿಸ್ಥರಾದಾಗ ಅವರ ನಿಸಿದಿಗೆಯನ್ನು ನಿಲ್ಲಿಸಿದವನೂ ಗಂಗರಾಜನೇ. ಹೀಗೆ ಒಂದೇ ಬೆಟ್ಟದ ಮೇಲೆ, ಹೆಚ್ಚುಕಡಮೆ ಹತ್ತು ವರ್ಷಗಳ ಅಂತರದಲ್ಲಿ ಎದ್ದ ಕಲ್ಲುಗಳನ್ನು ಒಟ್ಟಿಗಿಟ್ಟು ಓದಿದರೆ ಗಂಡಿನ ಕಡೆಯ ಕುಲವೂ ಹೆಣ್ಣಿನ ಕಡೆಯ ಕುಲವೂ ಕೂಡಿ ಒಂದು ಮನೆತನದ ಪೂರ್ಣಚಿತ್ರ ಒದಗುತ್ತದೆ. ಯಾವ ಒಂದು ಕಲ್ಲೂ ತಾನೊಂದೇ ಈ ಚಿತ್ರವನ್ನು ಕೊಡಲಾರದು.

ಇದೇ ಮನೆತನ ಒಂದು ತೊಡಕನ್ನೂ ತೋರಿಸಿಕೊಡುತ್ತದೆ. ಗಂಗರಾಜನ ತಂದೆ ಏಚ. ಗಂಗರಾಜನ ಅಣ್ಣ ಬಮ್ಮನಿಗೂ ಬಾಗಣಬ್ಬೆಗೂ ಹುಟ್ಟಿದ ಮಗನೂ ಏಚ. ಅವನ ನಿಸಿದಿಗೆಯನ್ನು ಗಂಗರಾಜನ ಮಗ ಬೊಪ್ಪನು ಮಾಡಿಸಿದನು. ಚಾಮುಂಡರಾಯ ಬಸದಿಯಲ್ಲಿರುವ ನೇಮಿನಾಥಬಿಂಬದ ಪೀಠಲೇಖದಲ್ಲಿ ಗಂಗರಾಜನ ಮಗ ಏಚಣನೆಂಬ ಹೆಸರಿದೆ. ಆ ಬಿಂಬವಾದರೋ ಮೊದಲು ಬೇರೊಂದು ಜಿನಾಲಯಕ್ಕೆ ಸೇರಿದ್ದುದು. ಬೊಪ್ಪರ ವಿಷಯದಲ್ಲಿಯೂ ಹೀಗೆಯೇ. ಗಂಗರಾಜನ ಅತ್ತಿಗೆ ಜಕ್ಕಣಬ್ಬೆಯ ಮಗನ ಹೆಸರೂ ಬೊಪ್ಪದೇವ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಕನ್ನಡನಾಡಿನ ವಾಡಿಕೆಯನ್ನು ಮರೆತು, ಏಚನೆಂಬ ಹೆಸರು ಕಂಡಲ್ಲೆಲ್ಲ ಒಬ್ಬನೇ ವ್ಯಕ್ತಿಯೆಂದು ಬಗೆದರೆ ಮೂರು ತಲೆಮಾರುಗಳು ಒಂದಾಗಿಬಿಡುತ್ತವೆ. ಹೆಸರಿನೊಡನೆ ಸಂಬಂಧವಾಚಕವನ್ನೂ, ಕಲ್ಲು ನಿಲ್ಲಿಸಿದವರ ಹೆಸರನ್ನೂ, ಗುರುವಿನ ಹೆಸರನ್ನೂ ಬರೆದುಕೊಳ್ಳದ ಹೆಸರುಪಟ್ಟಿ ಈ ಕಾರಣದಿಂದಲೇ ನಿಷ್ಪ್ರಯೋಜಕ.

ಪಟ್ಟಮಹಾದೇವಿ ಶಾಂತಲೆಯ ವಿಷಯದಲ್ಲಿ ನಿಸಿದಿಗೆಯ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಸವತಿಗಂಧವಾರಣ ಬಸದಿಯ ಶಾಸನದಂತೆ ಅವಳು ಶಕ 1053 ವಿರೋಧಿಕೃತ್ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 1131ರಲ್ಲಿ, ಶಿವಗಂಗೆಯಲ್ಲಿ ಮಡಿದಳು. ಅನಂತರ ತಾಯಿ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದು ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಎಂಬ ಗುರುಗಳ ಸನ್ನಿಧಿಯಲ್ಲಿ ಒಂದು ತಿಂಗಳು ಅನಶನವಿದ್ದು ಸಮಾಧಿಯನ್ನು ಪಡೆದಳು. ತಂದೆ ಮಾರಸಿಂಗಯ್ಯ ಶೈವ. ಶಾಸನಕವಿ ತಾಯಿಯ ಕಡೆಯ ವಂಶವನ್ನೇ ಹಿಡಿದು ಹಿಂದಕ್ಕೆ ಹೋಗುತ್ತಾನೆ: ದಂಡಾಧೀಶ ನಾಗವರ್ಮ, ಅವನ ಹೆಂಡತಿ ಚಂದಿಕಬ್ಬೆ, ಮಗ ಬಲದೇವ, ಬಲದೇವನ ಹೆಂಡತಿ ಬಾಚಿಕಬ್ಬೆ, ಅವರ ಮಕ್ಕಳು ಮಾಚಿಕಬ್ಬೆ ಮತ್ತು ಸಿಂಗಿಮಯ್ಯ. ಶಾಂತಲೆಯ ಮಾತಾಮಹಿಯ ತಲೆಮಾರನ್ನೂ ದಾಟಿ ಹೆಂಗಸರ ಹೆಸರುಗಳು ಇಷ್ಟು ಕ್ರಮವಾಗಿ ಬಂದಿರುವುದು ಮಾಚಿಕಬ್ಬೆಯ ಸಮಾಧಿಯನ್ನು ಹೇಳಬೇಕಾಗಿ ಬಂದುದರಿಂದಲೇ. ದಾನಶಾಸನದಲ್ಲಿ ಇಂತಹ ಅವಕಾಶ ಕಡಮೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಾಂತಲೆ ಮಡಿದುದು ಒಂದು ಊರಿನಲ್ಲಿ, ಅವಳ ಸ್ಮರಣೆ ನಿಂತುದು ಇನ್ನೊಂದು ಊರಿನಲ್ಲಿ. ಗಂಗ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು ದೇಹವನ್ನು ಬಿಟ್ಟನು. ಅವನ ಸ್ಮಾರಕವಾದ ಕೂಗೆಬ್ರಹ್ಮದೇವ ಸ್ತಂಭ ಚಂದ್ರಗಿರಿಯಲ್ಲಿದೆ. ದೂರದಲ್ಲಿ ಮಡಿದವರಿಗೆ ಪರೋಕ್ಷವಿನಯವಾಗಿ ಕಲ್ಲು ನಿಲ್ಲಿಸುವುದು ರೂಢಿಯಲ್ಲಿತ್ತು. ನಿಸಿದಿಗೆ ಇದ್ದಲ್ಲಿ ಮೃತರ ಊರು ಇತ್ತೆಂದಾಗಲಿ, ದಹನವಾಯಿತೆಂದಾಗಲಿ ತಿಳಿಯಬಾರದು. ನಿಸಿದಿಗೆಗಳನ್ನು ಅನ್ಯಮತೀಯರ ಗೋರಿಗಲ್ಲುಗಳಂತೆ ಎಣಿಸಿ, ಕಲ್ಲಿದ್ದ ಊರನ್ನೇ ಮನೆತನದ ಮೂಲಸ್ಥಾನವೆಂದು ಬರೆಯುವವರಿಗೆ ಈ ಎರಡು ಉದಾಹರಣೆಗಳು ಸಾಕು.

ಬೆಳ್ಗೊಳದ ಆಚೆಗೆ ಗೃಹಸ್ಥರ ನಿಸಿದಿಗೆಗಳು ಗುಂಪಾಗಿ ದೊರೆಯುವ ಸ್ಥಳಗಳಲ್ಲಿ ಸೊರಬ ತಾಲೂಕಿನ ಹಿರೇಆವಲಿ ಮುಖ್ಯವಾದುದು. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಆವಲಿಯ ಗೌಡರೂ ಅವರ ಹೆಂಡಿರೂ ಸಮಾಧಿವಿಧಿಯಿಂದ ಮಡಿದುದನ್ನು ಹೇಳುವ ಈ ಕಲ್ಲುಗಳನ್ನು ರೈಸ್ ಅವರು 1904ರ ಎಂಟನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾವ್ಯವಾಗಲಿ ಬಿರುದುಗಳ ಆಡಂಬರವಾಗಲಿ ಇಲ್ಲಿ ಹೆಚ್ಚಿಲ್ಲ; ಇಂಥವನ ಮಗ, ಇಂಥವನ ಹೆಂಡತಿ, ಇಂಥ ಗುರುವಿನ ಗುಡ್ಡ ಎಂಬ ನೇರವಾದ ಮಾತುಗಳಿವೆ. ಅರಮನೆಯ ನಂಟಿಲ್ಲದ ಒಂದು ಹಳ್ಳಿಯ ಜೈನ ಒಕ್ಕಲುಮನೆತನವನ್ನು ತಲೆಮಾರುಗಳ ಉದ್ದಕ್ಕೂ ಅನುಸರಿಸುವ ಅವಕಾಶ ಬೇರೆ ಕಡೆ ಸುಲಭವಾಗಿ ಸಿಗದು. ಇದಕ್ಕೆ ತದ್ವಿರುದ್ಧವಾಗಿ ಮೂಡಬಿದಿರೆಯಲ್ಲಿ ಮುರಕಲ್ಲಿನಿಂದ ಅಂತಸ್ತು ಅಂತಸ್ತಾಗಿ ಕಟ್ಟಿದ ಭವ್ಯ ಸಮಾಧಿಗಳ ಸಾಲೇ ಇದ್ದರೂ ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಲೇಖವಿಲ್ಲ.

ನಿಸಿದಿಗೆಯ ಹೆಸರನ್ನು ಬರೆದುಕೊಳ್ಳುವವರು ಕೆಲವು ಎಚ್ಚರಗಳನ್ನು ಪಾಲಿಸುವುದು ಅಗತ್ಯ. ಕಲ್ಲಿನ ಮೇಲಿರುವ ರೂಪವನ್ನು ಇದ್ದಂತೆಯೇ ಇಡಬೇಕು. ಲಕ್ಕಲೆಯನ್ನು ಲಕ್ಷ್ಮಿಯೆಂದೂ ಬೂಚಣನನ್ನು ಬೂಚಿರಾಜನೆಂದೂ ತಿದ್ದಿದರೆ ಮುಂದೆ ಹೋಲಿಸುವವರಿಗೆ ದಾರಿ ತಪ್ಪುತ್ತದೆ. ಮೇಲಿನ ಪಟ್ಟಿಕೆಯ ಜಿನಬಿಂಬ, ಕೆಳಗಿನ ಪಟ್ಟಿಕೆಯಲ್ಲಿ ವ್ಯಾಸಪೀಠದ ಮುಂದೆ ಕುಳಿತ ಗುರು, ಕೈಮುಗಿದ ಗಂಡಸು ಅಥವಾ ಹೆಂಗಸು ಇವುಗಳನ್ನೂ ಟಿಪ್ಪಣಿಮಾಡಬೇಕು. ಅಕ್ಷರ ಸವೆದು ಹೆಸರು ಅರ್ಧವೇ ಉಳಿದಾಗ ಮೃತರು ಸ್ತ್ರೀಯೋ ಪುರುಷನೋ ಎಂಬುದನ್ನು ಶಿಲ್ಪವೇ ಹೇಳುತ್ತದೆ. ಕಾಲದ ವಿಷಯದಲ್ಲಿ ಸಂವತ್ಸರವೊಂದನ್ನೇ ನಂಬಬಾರದು. ಮೇಘಚಂದ್ರ ತ್ರೈವಿದ್ಯರ ನಿಸಿದಿಗೆಯಲ್ಲಿ ಶಕ 1037 ಮನ್ಮಥ ಎಂದು ಎರಡೂ ಇರುವುದರಿಂದ ಕ್ರಿ.ಶ. 1115 ನಿಸ್ಸಂದೇಹ. ಶಕವರ್ಷ ಅಳಿಸಿ ಮನ್ಮಥ ಮಾತ್ರ ಉಳಿದಿದ್ದರೆ 1055, 1115, 1175 ಮೂರೂ ಸಂಭಾವ್ಯವಾಗುತ್ತಿದ್ದವು. ಅರವತ್ತು ವರ್ಷವೆಂದರೆ ಅಜ್ಜನಿಗೂ ಮೊಮ್ಮಗನಿಗೂ ಇರುವ ಅಂತರ. ಇಬ್ಬರ ಹೆಸರೂ ಒಂದೇ ಆದಲ್ಲಿ ಗೊಂದಲಕ್ಕೆ ಕೊನೆಯಿಲ್ಲ. ಅಂತಹಲ್ಲಿ ಲಿಪಿಯೂ ಗುರುವಿನ ಹೆಸರೂ ಆಸರೆ.

ಈ ಎಚ್ಚರಗಳೆಲ್ಲ ಹಸ್ತಪ್ರತಿಶಾಸ್ತ್ರಕ್ಕೆ ಎಷ್ಟು ಅವಶ್ಯವೆಂಬುದನ್ನು ಧವಲಾಗ್ರಂಥದ ಪುಷ್ಪಿಕೆಯೊಂದು ತೋರಿಸುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ ಧವಲದ ತಾಡಪತ್ರ ಪ್ರತಿಯ ಅಂತ್ಯಪ್ರಶಸ್ತಿಯಲ್ಲಿ, ದೇಮಿಯಕ್ಕನೆಂಬ ಶ್ರಾವಿಕೆ ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಯ ಸಂದರ್ಭದಲ್ಲಿ ಬನ್ನಿಕೆರೆಯ ಚೈತ್ಯಾಲಯಕ್ಕೆ ಸಂಬಂಧಿಸಿದ ಶುಭಚಂದ್ರ ಸಿದ್ಧಾಂತದೇವರಿಗೆ ಆ ಪ್ರತಿಯನ್ನು ಅರ್ಪಿಸಿದಳೆಂದಿದೆ. ಪ್ರತಿಯ ಕಾಲವನ್ನು ಪ್ರಶಸ್ತಿ ಹೇಳಿಲ್ಲ. 1939ರಿಂದ ಷಟ್ಖಂಡಾಗಮವನ್ನು ಧವಲದೊಡನೆ ಸಂಪಾದಿಸಿ ಪ್ರಕಟಿಸಿದ ಹೀರಾಲಾಲ್ ಜೈನರು, ಈ ಶುಭಚಂದ್ರರು ಬೆಳ್ಗೊಳದ ನಿಸಿದಿಗೆಯ ಶುಭಚಂದ್ರರೇ ಎಂದೂ, ದೇಮಿಯಕ್ಕನು ಶಕ 1042ರಲ್ಲಿ ಸಮಾಧಿಯನ್ನು ಪಡೆದ ದೇಮತಿಯೇ ಇರಬಹುದೆಂದೂ ಸೂಚಿಸಿದರು. ಮೊದಲನೆಯದನ್ನು ಒಪ್ಪಿದರೆ ಪ್ರತಿ 1123ಕ್ಕೆ ಹಿಂದಿನದು. ಎರಡನೆಯದನ್ನೂ ಒಪ್ಪಿದರೆ ಅದು 1120ರ ಸುಮಾರಿಗಿಂತ ಈಚಿನದಾಗಲಾರದು. ಆಗಮಗ್ರಂಥದ ಅತಿ ಪ್ರಾಚೀನ ಪ್ರತಿಯೊಂದರ ಕಾಲ ಹೀಗೆ ಚಂದ್ರಗಿರಿಯ ಎರಡು ಕಲ್ಲುಗಳ ಮೇಲಿನ ಹೆಸರುಗಳನ್ನು ಅವಲಂಬಿಸಿದೆ.

ಗುರುವಿನ ಐಕ್ಯವನ್ನು ಸಂದೇಹಿಸಲು ಬಲವಾದ ಕಾರಣವಿಲ್ಲ. ಶ್ರಾವಿಕೆಯ ವಿಷಯ ಅಷ್ಟು ಸುಲಭವಲ್ಲ. ನಿಸಿದಿಗೆಯ ದೇಮತಿ ರಾಜಸನ್ಮಾನಿತನಾದ ಚಾಮುಂಡನೆಂಬ ವಣಿಕನ ಹೆಂಡತಿ, ನಾಗಲೆಯ ಮಗಳು. ಪುಷ್ಪಿಕೆಯ ದೇಮಿಯಕ್ಕ ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ. ಕನ್ನಡದಲ್ಲಿ ಅತ್ತೆಯೆಂದರೆ ತಂದೆಯ ಸಹೋದರಿಯಾಗಬಹುದು, ಸೋದರಮಾವನ ಹೆಂಡತಿಯಾಗಬಹುದು, ಹೆಂಡತಿಯ ತಾಯಿಯೂ ಆಗಬಹುದು. ತಂದೆಯ ಸಹೋದರಿಯೆಂಬ ಅರ್ಥವನ್ನು ಹಿಡಿದರೆ ಅವಳು ಗಂಗಮನೆತನದಲ್ಲಿ ಹುಟ್ಟಿದವಳಾಗಿ, ನಾಗಲೆಯ ಮಗಳಾದ ದೇಮತಿಯಿಂದ ಭಿನ್ನಳೆಂದೇ ಹೇಳಬೇಕಾಗುತ್ತದೆ. ಉಳಿದ ಎರಡು ಅರ್ಥಗಳಲ್ಲಿ ಐಕ್ಯ ಅಸಂಭವವೇನಲ್ಲ, ಸಿದ್ಧವೂ ಅಲ್ಲ. ಹಿಂದಿಯ ಕಾಕೀ ಎಂಬ ಮಾತಿನಿಂದ ಇದನ್ನು ಅನುವಾದಿಸಿದಾಗ ಕನ್ನಡದ ಪದದಲ್ಲಿದ್ದ ಈ ಮೂರು ಕವಲುಗಳು ಮುಚ್ಚಿಹೋದವು. ದೇಮತಿ, ದೇವಮತಿ, ದೇಮಿಯಕ್ಕ ಎಂಬ ರೂಪಗಳು ಆ ಕಾಲದ ಶ್ರಾವಿಕೆಯರಲ್ಲಿ ಒಬ್ಬಳಿಗೇ ಮೀಸಲಾಗಿದ್ದುವೆಂದು ತಿಳಿಯಲು ಆಧಾರವಿಲ್ಲ.

ಆದಕಾರಣ ಪ್ರತಿಯು 1123ಕ್ಕೆ ಮುಂಚಿನದೆಂಬುದಷ್ಟನ್ನೇ ಸದ್ಯಕ್ಕೆ ಗ್ರಾಹ್ಯವೆಂದು ಇಟ್ಟುಕೊಳ್ಳುವುದು ಯುಕ್ತ. ಮಂಡಲಿನಾಡಿನ, ಎಂದರೆ ಇಂದಿನ ಶಿವಮೊಗ್ಗ ಪ್ರದೇಶದ, ಗಂಗಮನೆತನದ ಶಾಸನಗಳಲ್ಲಿ ಬರುವ ಅತ್ತೆ, ಮಾವ, ಅಳಿಯ ಎಂಬ ಸಂಬಂಧಗಳನ್ನು ಒಂದೊಂದಾಗಿ ಬಿಡಿಸಿ, ನಾಗಲೆಯ ಮಕ್ಕಳ ನಿಸಿದಿಗೆಗಳೊಡನೆ ಎದುರುಬದುರು ಇಟ್ಟು ನೋಡುವ ಕೆಲಸವಾದ ಮೇಲೆಯೇ ದೇಮಿಯಕ್ಕನು ಯಾವ ಮನೆಯ ಹೆಣ್ಣುಮಗಳೆಂಬ ಪ್ರಶ್ನೆಯನ್ನು ಮತ್ತೆ ಎತ್ತಬಹುದು.