750 ಜೊತೆಯ ಕಥೆ, ಒಂದು ಜೊತೆಯ ಕಥೆ

ಊರಿಂದ ಮೈಸೂರಿಗೆ ಬಂದವರು ದೇವರಾಜ ಮಾರ್ಕೆಟ್‌ನಲ್ಲಿ ಹೂವು, ವೀಳ್ಯದೆಲೆ ತಗೊಂಡ ಮೇಲೆ ಅರಸು ರಸ್ತೆಗೆ ಒಂದು ಸುತ್ತು ಹಾಕದೆ ಬಸ್ ಹತ್ತುವುದು ಕಡಿಮೆ. ಅಲ್ಲಿನ ಶೋರೂಮ್‌ಗಳಲ್ಲಿ ಶೂಗಳನ್ನು ಗಾಜಿನ ಹಿಂದೆ, ಲೈಟ್ ಹಾಕಿ ದೇವರ ಹಾಗೆ ಕೂರಿಸಿರುತ್ತಾರೆ. ನಮ್ಮ ಹುಡುಗರು ಅವನ್ನು ನೋಡುತ್ತಾ ನಿಂತೇ ಬಿಡುತ್ತಾರೆ. ಅವರ ತಪ್ಪೇನಿಲ್ಲ ಬಿಡಿ. ಸಿನಿಮಾದಲ್ಲೂ ಹೀರೋ ಮುಖಕ್ಕಿಂತ ಮೊದಲು ಬೂಟು ಕಾಣಬೇಕು, ಆಗಲೇ ಶಿಳ್ಳೆ.

ಚಪ್ಪಲಿ ಹುಚ್ಚು ಅಂದರೆ ಜಗತ್ತಿಗೆ ನೆನಪಾಗುವುದು ಫಿಲಿಪೀನ್ಸ್‌ನ ಇಮೆಲ್ಡಾ ಮಾರ್ಕೋಸ್. 1986ರಲ್ಲಿ ಜನ ಬೀದಿಗಿಳಿದು ಆಕೆಯ ಗಂಡನ ಸರ್ವಾಧಿಕಾರ ಕಿತ್ತೊಗೆದಾಗ ಅರಮನೆಯಲ್ಲಿ ಸಾವಿರಾರು ಚಪ್ಪಲಿ, ಶೂ ಸಿಕ್ಕವು. ನಮಗೆ ಹತ್ತಿರದ ಹೆಸರು ಜಯಲಲಿತಾ. ಹುಟ್ಟಿದ್ದು 1948ರಲ್ಲಿ, ಇಲ್ಲೇ ಮೇಲುಕೋಟೆಯಲ್ಲಿ. 1964ರ ‘ಚಿನ್ನದ ಗೊಂಬೆ’ಯಲ್ಲಿ ಕನ್ನಡದ ನಾಯಕಿ. 1996ರಲ್ಲಿ ಚೆನ್ನೈನ ಮನೆಯ ಮೇಲೆ ದಾಳಿಯಾದಾಗ ಸಾವಿರಾರು ಸೀರೆಗಳ ಜೊತೆ 750 ಜೊತೆ ಚಪ್ಪಲಿ ಲೆಕ್ಕಕ್ಕೆ ಬಂದವು. ಕೇಸು 2003ರಲ್ಲಿ ಕರ್ನಾಟಕಕ್ಕೆ ವರ್ಗವಾಗಿ, 2014ರಲ್ಲಿ ಬೆಂಗಳೂರಿನ ವಿಶೇಷ ಕೋರ್ಟ್ ಶಿಕ್ಷೆ ಕೊಟ್ಟಿತು. ಮರುವರ್ಷ ಹೈಕೋರ್ಟ್ ಖುಲಾಸೆ ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಮೊಕದ್ದಮೆ ಅಲ್ಲಿಗೆ ಮುಗಿದಿತ್ತು. ಆ 750 ಜೊತೆ ಎಲ್ಲರ ಬಾಯಲ್ಲೂ ಓಡಾಡಿತು. ಹೊಲಿದವರು ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ.

ಹೊಲಿದವನ ಹೆಸರು ಉಳಿದಿರುವ ಜೊತೆ ನಮ್ಮಲ್ಲಿ ಒಂದಿದೆ, 12ನೇ ಶತಮಾನದ್ದು. ಕಲ್ಯಾಣದ ಸಮಗಾರ ಹರಳಯ್ಯ ಒಂದು ದಿನ ಬಸವಣ್ಣನಿಗೆ ‘ಶರಣು’ ಅಂದ. ಬಸವಣ್ಣ ‘ಶರಣು ಶರಣಾರ್ಥಿ’ ಅಂದರು. ಒಂದಕ್ಕೆ ಎರಡು ಬಂತಲ್ಲ, ಆ ಋಣ ಹೇಗೆ ತೀರಿಸಲಿ ಅಂತ ಹರಳಯ್ಯ ಮತ್ತು ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದರು. ಬಸವಣ್ಣ ಅವನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡರು. ಇಷ್ಟು ಕಥೆ ಎಲ್ಲರಿಗೂ ಗೊತ್ತು. ಮುಂದಿನದು ಕೇಳಿ. ಆ ಜೋಡು ನೋಡಿ ಆಸೆಪಟ್ಟವನು ಬಿಜ್ಜಳನ ಆಸ್ಥಾನದ ಬ್ರಾಹ್ಮಣ ಮಂತ್ರಿ ಮಧುವರಸ. ಮೆಟ್ಟಿದ್ದೇ ತಡ, ಮೈಯೆಲ್ಲ ಉರಿ. ಯಾವ ಔಷಧಿಗೂ ಬಗ್ಗದ ಆ ಉರಿ ಆರಿದ್ದು ಹರಳಯ್ಯನ ಮನೆಯಲ್ಲಿ ಚರ್ಮ ನೆನೆಸುವ ನೀರಿನಿಂದಂತೆ. ಇದು ಶರಣರ ಕಥೆಗಳಲ್ಲಿ ಬರುವ ಪವಾಡ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಪವಾಡ ಬಿಟ್ಟರೂ ಆಮೇಲೆ ನಡೆದದ್ದನ್ನು ಬಿಡುವ ಹಾಗಿಲ್ಲ. ಹರಳಯ್ಯನ ಮಗ ಶೀಲವಂತನಿಗೆ ಮಧುವರಸ ತನ್ನ ಮಗಳನ್ನು ಕೊಟ್ಟ. ಬ್ರಾಹ್ಮಣರ ಹುಡುಗಿ, ಸಮಗಾರರ ಹುಡುಗ. ಕಲ್ಯಾಣ ಹೊತ್ತಿ ಉರಿಯಿತು. ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆ ಆಯಿತು, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿದರು.

ಹರಳಯ್ಯ ನಮ್ಮ ಸೀಮೆಗೂ ಬಂದಿದ್ದಾನೆ. ಮಾದಪ್ಪನ ಕಥೆ ಹಾಡುವವರನ್ನು ಕೇಳಿ. ದೇವರುಗಳನ್ನೇ ಸೆರೆಗೆ ಹಾಕಿದ್ದ ಶ್ರವಣನನ್ನು ಮುಗಿಸಲು ಮಾದೇಶ್ವರ ಕತ್ತಿ ಹಿಡಿಯಲಿಲ್ಲ, ಹರಳಯ್ಯನ ಕೈಲಿ ಪಾವುಗೆ ಮಾಡಿಸಿದ. ಆಸೆಪಟ್ಟು ಅದನ್ನು ಮೆಟ್ಟಿದ ಶ್ರವಣ ಸುಟ್ಟುಹೋದ. ಹೀಗೆ ಹಾಡಿದ ನಮ್ಮೂರುಗಳಲ್ಲೇ ಎಕ್ಕಡ ಹೊಲಿದವರು ಅದನ್ನು ಕೈಲಿ ಹಿಡಿದು ಮೇಲ್ಜಾತಿಯವರ ಬೀದಿ ದಾಟಬೇಕಿತ್ತು. ನಿಮ್ಮ ಊರಿನ ಹಿರಿಯರನ್ನು ಕೇಳಿದರೆ ಬೀದಿ ಯಾವುದು ಅಂತಲೂ ಹೇಳುತ್ತಾರೆ.

ಆ ರಸ್ತೆಗೆ ಹೆಸರು ಕೊಟ್ಟ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗಲೇ, 1976ರಲ್ಲಿ, ಚರ್ಮ ಕುಶಲಕರ್ಮಿಗಳಿಗಾಗಿ ಲಿಡ್ಕರ್ ನಿಗಮ ಶುರುವಾಯಿತು. 2023ರಲ್ಲಿ ನಟ ಡಾಲಿ ಧನಂಜಯ ಅದರ ರಾಯಭಾರಿಯಾದರು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋನಲ್ಲಿ ಕೊಲ್ಲಾಪುರಿಯಂಥದ್ದೇ ಚಪ್ಪಲಿ ತೋರಿಸಿತು, ಎಲ್ಲಿಯದು ಅಂತ ಹೇಳಲಿಲ್ಲ. ಕೊಲ್ಲಾಪುರಿಯ ಜಿಐ ಗುರುತಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಗಲಾಟೆಯಾದ ಮೇಲೆ ಕಂಪನಿ ಒಪ್ಪಿಕೊಂಡು, ಡಿಸೆಂಬರ್‌ನಲ್ಲಿ ಲಿಡ್ಕರ್ ಮತ್ತು ಮಹಾರಾಷ್ಟ್ರದ ನಿಗಮದ ಜೊತೆ ಒಪ್ಪಂದ ಮಾಡಿಕೊಂಡಿತು.

ಮೊನ್ನೆ ಅರಸು ರಸ್ತೆಯ ಹತ್ತಿರವೇ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಫುಟ್‌ಪಾತ್ ಮೇಲೆ ಕೂತಿದ್ದ ಹಿರಿಯರು ನಾನು ಬರಿಗಾಲಲ್ಲಿ ನಿಲ್ಲಬಾರದು ಅಂತ ತಮ್ಮ ಚಪ್ಪಲಿಯನ್ನೇ ನನ್ನ ಕಡೆ ಸರಿಸಿ, ಹೊಲಿಗೆ ಹಾಕಿಕೊಟ್ಟರು. 20 ರೂಪಾಯಿ ತಗೊಂಡರು.